ಕುದುರೆ ಸರಿಸಿದ ದಿನ

ನಮ್ಮ ಮನೆಯಲ್ಲಿ ಹಳೆಯದಕ್ಕೆ ಬೆಲೆಯಿಲ್ಲ. ನನ್ನ ಹಿತ್ತಾಳೆ ಕೊಳಗ, ನಮ್ಮ ಮನೆಯವರ ವಾಲ್ವ್ ರೇಡಿಯೊ, ಮರದ ಮಜ್ಜಿಗೆ ಕಡೆಗೋಲು ಎಲ್ಲವೂ ಒಂದೊಂದಾಗಿ ಗುಜರಿಯವನ ಗಾಡಿ ಏರಿವೆ. ಹಾಗಿರುವಾಗ ಒಂಬತ್ತನೇ ತರಗತಿಯ ಮೊಮ್ಮಗಳು ಬಂದು, "ಅಜ್ಜೀ, ನಂಗೊಂದು ಎಲೆಕ್ಟ್ರಿಕ್ ಗಿಟಾರ್ ಬೇಕು. ಹಳೇ ಕಾಲದ್ರ ಥರ ಇರೋದು" ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ನಿಜವಾದ ಹಳೆಯದಕ್ಕೆ ಲಕ್ಷಗಟ್ಟಲೆ ಬೆಲೆಯಂತೆ. ಹಾಗಾಗಿ ಹಳೆಯದರಂತೆ ಕಾಣುವ ಹೊಸದು!

ನಕ್ಕೆನೇನೋ ನಿಜ, ಒಳಗೊಳಗೇ ಸ್ವಲ್ಪ ಹೊಟ್ಟೆಯುರಿಯೂ ಇತ್ತು. ಪುಟ್ಟಿ ಎರಡು ವರ್ಷ ನನ್ನ ಹತ್ತಿರ ವೀಣೆ ಕಲಿತವಳು. ಸರಳೆ, ಜಂಟಿ, ಅಲಂಕಾರ ಮುಗಿಸಿ ಗೀತೆಗೆ ಬಂದಿದ್ದಳು. ಒಂದು ಏಪ್ರಿಲ್ ಮಧ್ಯಾಹ್ನ ಮೇಲಿನ ಷಡ್ಜ ಮತ್ತೆ ಮತ್ತೆ ಅಪಸ್ವರವಾಯಿತು. ಸೆಕೆಗೋ ಏನೋ, ನನ್ನ ತಾಳ್ಮೆ ಕೆಟ್ಟು, "ನಿಂಗೆ ಕಿವೀನೇ ಇಲ್ಲ ಕಣೇ" ಎಂದುಬಿಟ್ಟೆ. ಅವಳು ಮಾತಾಡಲಿಲ್ಲ. ವೀಣೆಗೆ ಗವಸು ಹೊದಿಸಿ ಎದ್ದು ಹೋದಳು. ಮರುದಿನ ಪಾಠಕ್ಕೆ ಬರಲಿಲ್ಲ, ನಾನೂ ಕರೆಯಲಿಲ್ಲ. ಆಮೇಲೆ ಆ ಗವಸನ್ನು ನಾವಿಬ್ಬರೂ ತೆಗೆದಿರಲಿಲ್ಲ.

ವಿದ್ಯುತ್ ವಾದ್ಯವೆಂದರೆ ಮೂಗು ಮುರಿಯುವವಳಲ್ಲ ನಾನು. ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತ ನುಡಿಸಿದ ಮ್ಯಾಂಡೊಲಿನ್ ವಿದ್ಯುತ್ತಿನದೇ ಅಲ್ಲವೇ? ಆದರೂ ನನ್ನ ಕೈಯಿಂದ ತಪ್ಪಿಸಿಕೊಂಡ ಹುಡುಗಿ ಬೇರೊಂದು ತಂತಿವಾದ್ಯ ಕೇಳುತ್ತಾಳೆಂದರೆ ಸುಮ್ಮನೆ ಒಪ್ಪುವುದು ಹೇಗೆ? "ಯಾವ ಹಳೇ ಕಾಲದ್ದು, ಮೊದಲು ಅದನ್ನ ಹೇಳು" ಎಂದೆ. ಹೇಳಿದಳು ನೋಡಿ, ಆ ಕಥೆ ನನಗೂ ಹಿಡಿಸಿತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫುಲರ್ಟನ್ ಎಂಬ ಊರು. ಅಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು ಲಿಯೊ ಫೆಂಡರ್. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ಕೊನೆಯವರೆಗೂ ಕಲಿಯಲೂ ಇಲ್ಲ. ಆದರೆ ಕೆಟ್ಟದ್ದನ್ನು ಬಿಚ್ಚಿ ಸರಿ ಮಾಡುವ ಬುದ್ಧಿ ಇತ್ತು. ಹೊಟ್ಟೆ ಟೊಳ್ಳಿಲ್ಲದ, ಗಟ್ಟಿ ಹಲಗೆಯ ಗಿಟಾರು ಮಾಡಿ, ಅದರ ಕತ್ತನ್ನು ನಾಲ್ಕೇ ತಿರುಪಿನಿಂದ ಕೂರಿಸಿದರು. ಕತ್ತು ಹಾಳಾದರೆ ತಿರುಪು ಬಿಚ್ಚಿ ಇನ್ನೊಂದನ್ನು ಹಾಕಿದರಾಯಿತು. 1950ರಲ್ಲಿ ಅದಕ್ಕೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟರು. ಇನ್ನೊಂದು ಕಂಪನಿ, 'ಆ ಹೆಸರು ನಮ್ಮ ಡ್ರಮ್ಮಿನದು' ಎಂದು ತಕರಾರು ತೆಗೆಯಿತು. ಹೊಸ ಹೆಸರು ಸಿಗುವವರೆಗೆ ಗಿಟಾರಿನ ಮೇಲಿನ ಚೀಟಿಯಿಂದ ಆ ಪದವನ್ನಷ್ಟೇ ಕತ್ತರಿಸಿ ಮಾರಿದರಂತೆ! 1951ರಲ್ಲಿ ಅದು ಟೆಲಿಕಾಸ್ಟರ್ ಆಯಿತು. ಅದೇ ಆಕಾರ ಇಂದಿಗೂ ನಡೆಯುತ್ತಿದೆ. ಬಣ್ಣ ಬೆಣ್ಣೆಗೆ ಬೆಲ್ಲ ಕಲಸಿದಂತೆ, ಕತ್ತು ತಿಳಿ ಜೇನಿನಂತೆ. ಹಳೆಯ ಗಿಟಾರುಗಳಲ್ಲಿ ಮೆರುಗೆಣ್ಣೆ ವರ್ಷಗಳು ಕಳೆದಂತೆ ತಾನಾಗಿ ಹಳದಿಗೆ ತಿರುಗಿತು. ಹೊಸದರಲ್ಲಿ ಆ ಹಳದಿಯನ್ನು ಮೊದಲೇ ಬೆರೆಸಿಬಿಡುತ್ತಾರೆ.

ಅವಳ ಹುಟ್ಟುಹಬ್ಬದ ದುಡ್ಡು, ನನ್ನ ಪಿಂಚಣಿಯ ಉಳಿತಾಯ ಎರಡೂ ಸೇರಿ ಹದಿನಾರು ಸಾವಿರ ಆಯಿತು. ಫೆಂಡರ್ ಹೆಸರಿನದು ಅಷ್ಟಕ್ಕೆ ಸಿಗದು. ಅದೇ ಆಕಾರದ, ಅಷ್ಟೇನೂ ಹೆಸರಿಲ್ಲದ ಕಂಪನಿಯದಕ್ಕೆ ಹನ್ನೊಂದೂವರೆ ಸಾವಿರ, ಪುಟ್ಟ ಆಂಪ್ಲಿಫೈಯರಿಗೆ ನಾಲ್ಕು ಸಾವಿರ. ಉಳಿದದ್ದು ತಂತಿ, ವೈರು, ಟ್ಯೂನರಿಗೆ. ಅಂಗಡಿಯಲ್ಲಿ ನಾನು ವೀಣೆ ನೋಡುವ ಹಾಗೆಯೇ ನೋಡಿದೆ. ಬಡಗಿ ಹಲಗೆ ನೋಡುವಂತೆ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ದೃಷ್ಟಿ ಹರಿಸಿದೆ, ತಿರುಚಿರಲಿಲ್ಲ. ಅಂಚಿನಲ್ಲಿ ಅಂಗೈ ಸವರಿದೆ. ಮರ ಒಣಗಿ ಕುಗ್ಗಿದ್ದರೆ ಮೆಟ್ಟಿಲುಗಳ ತುದಿ ಗರಗಸದಂತೆ ಚುಚ್ಚುತ್ತದೆ, ಅದೂ ಇರಲಿಲ್ಲ. ಪುಟ್ಟಿ ಗುಂಡಿಗಳನ್ನೆಲ್ಲ ತಿರುಗಿಸಿ ಕರಕರ ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಂಡಳು. ಅಂಗಡಿಯವರು, "ಎಲ್ಲ ಸೆಟ್ ಆಗಿದೆ ಅಮ್ಮ, ತಗೊಂಡೋಗಿ ನುಡಿಸೋದೇ" ಎಂದರು. ನಂಬಿದೆವು.

ಮನೆಯಲ್ಲಿ ಆಂಪ್ಲಿಫೈಯರ್ ಹಚ್ಚಿದ ಕೂಡಲೇ ಗುಂಯ್ ಎಂಬ ಸದ್ದು. ನನಗೆ ತಂಬೂರಿ ಮೀಟಿದಂತೆ ಕೇಳಿಸಿ ಖುಷಿಯಾಯಿತು, ಅವಳಿಗೆ ಗಾಬರಿ. ತಂತಿಗಳ ಕೆಳಗೆ ಅಯಸ್ಕಾಂತ ಇರುತ್ತದೆ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಅದರ ಮುಂದೆ ಅದುರಿದಾಗ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನೇ ದೊಡ್ಡದು ಮಾಡುತ್ತದೆ. ಹಳೆಯ ಮಾದರಿಯ ಒಂಟಿ ಸುರುಳಿ, ಮನೆಯ ವಿದ್ಯುತ್ ವೈರುಗಳ ಗುಂಯ್‌ಗುಡುವಿಕೆಯನ್ನೂ ಹಿಡಿದುಕೊಳ್ಳುತ್ತದೆ. ಹಳೇ ಥರದ್ದು ಬೇಕೆಂದರೆ ಅದೂ ಜೊತೆಗೇ ಬರುತ್ತದೆ.

ಆದರೆ ಮರುಕ್ಷಣ ಪುಟ್ಟಿ, "ಅಜ್ಜೀ, ಜುಮ್ ಅಂತು" ಎಂದು ಕೈ ಎಳೆದುಕೊಂಡಳು. ಬರಿಗಾಲಿನಲ್ಲಿ ರೆಡ್‌ಆಕ್ಸೈಡ್ ನೆಲದ ಮೇಲೆ ನಿಂತಿದ್ದಳು. ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಮೂಲಕ ಅರ್ಥ್ ವೈರಿಗೆ ಸೇರಿರುತ್ತವೆ. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿ ನೋಡಿದರೆ ನಮ್ಮ ಹಳೆಯ ಮನೆಯ ಆ ಸಾಕೆಟ್ಟಿನಲ್ಲಿ ಮೂರು ತೂತಿದ್ದರೂ ಅರ್ಥ್ ವೈರೇ ಇರಲಿಲ್ಲ! ಅದನ್ನು ಎಳೆಸುವವರೆಗೆ ನಾಲ್ಕು ದಿನ ಗಿಟಾರು ಮುಟ್ಟಲು ಬಿಡಲಿಲ್ಲ. ಮೊಮ್ಮಕ್ಕಳಿಗೆ ಇಂಥದ್ದು ಕೊಡಿಸುವ ಅಜ್ಜ-ಅಜ್ಜಿಯರು ಸಾಕೆಟ್ಟನ್ನು ಮೊದಲು ತೋರಿಸಿಕೊಳ್ಳಿ, ಗಿಟಾರು ಆಮೇಲೆ.

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ದಿನವೂ ಟ್ಯೂನರ್ ಕಚ್ಚಿಸಿ ಆರೂ ತಂತಿ ಸರಿಯಾಗಿ ಶ್ರುತಿ ಮಾಡುತ್ತಾಳೆ. ಮೊದಲ ಮೂರು ಮೆಟ್ಟಿಲಲ್ಲಿ ಪರವಾಗಿಲ್ಲ. ಮೇಲೆ ಹೋದಂತೆ ಸ್ವರಗಳು ಒಂದಕ್ಕೊಂದು ಕಚ್ಚಾಡುತ್ತವೆ. ಎರಡು ವಾರ ಬಾಗಿಲು ಹಾಕಿಕೊಂಡು ಒದ್ದಾಡಿದಳು. ಒಂದು ಸಂಜೆ ಗಿಟಾರನ್ನು ಚೀಲಕ್ಕೆ ಹಾಕಿ ತಂದು ನನ್ನ ಮುಂದಿಟ್ಟು, "ಇದನ್ನ ಮಾರಿಬಿಡಣ ಅಜ್ಜಿ. ನೀನು ಹೇಳಿದ್ದೇ ಸರಿ. ನಂಗೆ ಕಿವಿ ಇಲ್ಲ" ಎಂದಳು.

ನಾನು ಮರೆತ ಮಾತನ್ನು ಅವಳು ಮರೆತಿರಲಿಲ್ಲ.

"ತೆಗಿ ಅದನ್ನ, ನೋಡಣ" ಎಂದೆ. ಹನ್ನೆರಡನೇ ಮೆಟ್ಟಿಲು ಒತ್ತಿ ಮೀಟಿಸಿದೆ. ವೀಣೆಯಲ್ಲೂ ಹನ್ನೆರಡನೇ ಮೆಟ್ಟಿಲೇ ಮೇಲಿನ ಷಡ್ಜ. ಬಿಟ್ಟ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಕೇಳಬೇಕು. ಕೇಳಲಿಲ್ಲ, ಏರಿತ್ತು. ಟ್ಯೂನರ್ ನೋಡಿದೆವು. ಒಂದು ಮೆಟ್ಟಿಲಿನಿಂದ ಪಕ್ಕದ್ದಕ್ಕೆ ಇರುವ ದೂರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟ್ ಎನ್ನುತ್ತಾರೆ. ದಪ್ಪ ತಂತಿ 15 ಸೆಂಟ್ ಮೇಲಿತ್ತು. "ಪುಟ್ಟೀ, ನಿನ್ನ ಕಿವಿ ಸರಿಯಾಗೇ ಇದೆ. ಇದರದ್ದೇ ಕೆಟ್ಟಿರೋದು" ಎಂದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು. ಟೇಪು ತಂದೆ. ಕತ್ತಿನ ತುದಿಯ ಬಿಳಿ ಪಟ್ಟಿಯಿಂದ ಹನ್ನೆರಡನೇ ಮೆಟ್ಟಿಲಿಗೆ 324 ಮಿಲಿಮೀಟರ್. ಅಲ್ಲಿಂದ ಕುದುರೆಗೂ 324. ತಂತಿಯ ಉದ್ದ 648, ಅದರ ಸರಿಯರ್ಧ. ಲೆಕ್ಕ ಸರಿ, ಸ್ವರ ತಪ್ಪು! ಇದು ಹೇಗೆ? ಮಕ್ಕಳೇ, ಇಲ್ಲೊಂದು ಗುಟ್ಟಿದೆ. ತಂತಿಯನ್ನು ಮೆಟ್ಟಿಲಿಗೆ ಒತ್ತಿದಾಗ ಅದು ಸ್ವಲ್ಪ ಎಳೆದುಕೊಳ್ಳುತ್ತದೆ, ಎಳೆದ ತಂತಿಯ ಸ್ವರ ಏರುತ್ತದೆ. ತಂತಿ ಮೆಟ್ಟಿಲಿನಿಂದ ಎಷ್ಟು ಎತ್ತರದಲ್ಲಿದ್ದರೆ ಅಷ್ಟು ಎಳೆತ. ಆ ಏರಿಕೆಯನ್ನು ತಗ್ಗಿಸಲು ಕುದುರೆಯನ್ನು ಅರ್ಧಕ್ಕಿಂತ ತುಸು ಹಿಂದೆ ಸರಿಸಬೇಕು.

ಕುದುರೆ ಎಂದಾಗ ಪುಟ್ಟಿ ನಕ್ಕಳು. ವೀಣೆಯಲ್ಲಿ ತಂತಿ ಕೂರುವ ಜಾಗಕ್ಕೆ ನಾವು ಕುದುರೆ ಎನ್ನುತ್ತೇವೆ. ಗಿಟಾರಿನವರು ಆ ಜಾಗದಲ್ಲಿರುವ ಹಿತ್ತಾಳೆ ತುಂಡುಗಳಿಗೆ ಸ್ಯಾಡ್ಲ್, ಅಂದರೆ ಜೀನು ಎನ್ನುತ್ತಾರಂತೆ. ಎಲ್ಲಿಯ ಫುಲರ್ಟನ್, ಎಲ್ಲಿಯ ಮೈಸೂರು! ಒಂದು ವ್ಯತ್ಯಾಸವಿದೆ. ವೀಣೆಯಲ್ಲಿ ಕುದುರೆ ಕದಲದು, 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿ ಕಿವಿಯಿಂದ ಸರಿಸುತ್ತಾರೆ. ಗಿಟಾರಿನಲ್ಲಿ ಮೆಟ್ಟಿಲು ಕದಲವು, ಕುದುರೆ ಸರಿಯುತ್ತದೆ.

ಭಾನುವಾರ ಊಟದ ಮೇಜಿಗೆ ಹಳೇ ಬೆಡ್‌ಶೀಟ್ ಹಾಸಿ ಕೂತೆವು. ಮೊದಲು ಹೊಸ ತಂತಿ, ಎಳೆಯ ಬೆರಳಿಗೆ ತೆಳುವಾದ ಒಂಬತ್ತರ ಸೆಟ್ಟು. ಆಮೇಲೆ ಕತ್ತು. ಒಂದನೇ ಮೆಟ್ಟಿಲನ್ನೂ ಕತ್ತು ಹಲಗೆಗೆ ಸೇರುವಲ್ಲಿನ ಮೆಟ್ಟಿಲನ್ನೂ ಒಟ್ಟಿಗೆ ಒತ್ತಿ ಹಿಡಿದರೆ ನಡುವಿನ ಏಳನೇ ಮೆಟ್ಟಿಲಿನ ಮೇಲೆ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡು ನುಸುಳುವಷ್ಟು ಸಂದಿ ಸಾಕು. ನಮ್ಮದರಲ್ಲಿ ಮೂರು ಕಾರ್ಡು ಹೋದವು. ಕತ್ತು ಬಿಲ್ಲಿನಂತೆ ಬಾಗಿತ್ತು. ಅದರೊಳಗೆ ಒಂದು ಕಬ್ಬಿಣದ ಸರಳಿದೆ. ತುದಿಯ ನಟ್ಟನ್ನು ಬಲಕ್ಕೆ ತಿರುಗಿಸಿದರೆ ಕತ್ತು ನೆಟ್ಟಗಾಗುತ್ತದೆ. ಹಳೆಯ ಮೂಲ ಮಾದರಿಯಲ್ಲಿ ಈ ನಟ್ಟು ಕತ್ತಿನ ಬುಡದಲ್ಲಿ ಅಡಗಿರುತ್ತಿತ್ತು, ಕತ್ತನ್ನೇ ಬಿಚ್ಚಬೇಕಿತ್ತು. ಪುಣ್ಯಕ್ಕೆ ನಮ್ಮ ಅಗ್ಗದ ಗಿಟಾರಿನವರು ಅಷ್ಟು ಹಳೆಯದಾಗಲು ಹೋಗಿರಲಿಲ್ಲ, ತಲೆಯ ಹತ್ತಿರವೇ ಇಟ್ಟಿದ್ದರು. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ತಿರುಗಿಸುವಾಗ ನನ್ನ ಎದೆ ಡವಡವ. ಹನ್ನೊಂದೂವರೆ ಸಾವಿರ! ಮರ ಕಿರ್ ಎಂದಿತು, ಮುರಿಯಲಿಲ್ಲ. ಒಂದು ಕಾಫಿ ಕುಡಿದು ಬಂದು ಇನ್ನೊಂದು ಕಾಲು ಸುತ್ತು. ಕಾರ್ಡು ಒಂದಕ್ಕೆ ಇಳಿಯಿತು.

ತಂತಿಯ ಎತ್ತರ ಅಳೆಯಲು ಪುಟ್ಟಿ ಕಂಪಾಸ್ ಬಾಕ್ಸಿನ ಸ್ಕೇಲು ತಂದಳು. ಅದರ ಸೊನ್ನೆ ಅಂಚಿನಲ್ಲಿರುವುದಿಲ್ಲ, ಒಳಗಿರುತ್ತದೆ. ಎಷ್ಟು ಮಕ್ಕಳು ಇದೊಂದರಿಂದ ಅಂಕ ಕಳೆದುಕೊಳ್ಳುವುದನ್ನು ನೋಡಿಲ್ಲ ನಾನು! ಸೊನ್ನೆ ಅಂಚಿನಲ್ಲೇ ಇರುವ ಉಕ್ಕಿನ ಸ್ಕೇಲು ಹುಡುಕಿ ತಂದೆವು. ಹನ್ನೆರಡನೇ ಮೆಟ್ಟಿಲ ಮೇಲೆ ಮೂರು ಮಿಲಿಮೀಟರಿಗೂ ಹೆಚ್ಚಿತ್ತು. ಪುಟಾಣಿ ತಿರುಪು ತಿರುಗಿಸಿ ಎರಡಕ್ಕಿಂತ ಕಡಿಮೆ ಮಾಡಿದೆವು. ಅಷ್ಟಕ್ಕೇ 15 ಸೆಂಟ್ ಇದ್ದದ್ದು 8ಕ್ಕೆ ಬಂತು.

ಕೊನೆಗೆ ಕುದುರೆ. ತಂತಿ ಸಡಿಲಿಸು, ಹಿಂದಿನ ತಿರುಪು ತಿರುಗಿಸು, ಮತ್ತೆ ಶ್ರುತಿ ಮಾಡು, ಹನ್ನೆರಡನೇ ಮೆಟ್ಟಿಲು ಒತ್ತು, ಕೇಳು. ಹಳೇ ಮಾದರಿಯ ತೊಡಕು ಇಲ್ಲೇ ಇರುವುದು. ಆರು ತಂತಿಗೆ ಮೂರೇ ಹಿತ್ತಾಳೆ ತುಂಡು, ಒಂದು ಕುದುರೆಗೆ ಇಬ್ಬರು ಸವಾರರು. ನಡುವಿನ ಜೋಡಿಯಂತೂ ಹಟಮಾರಿ. ಡಿ ತಂತಿ ಮುಂದಕ್ಕೆ ಎನ್ನುತ್ತದೆ, ಜಿ ತಂತಿ ಹಿಂದಕ್ಕೆ ಎನ್ನುತ್ತದೆ. ಪುಟ್ಟಿ ಟ್ಯೂನರನ್ನು ಪಕ್ಕಕ್ಕಿಟ್ಟಳು. ಎರಡನ್ನೂ ಒಟ್ಟಿಗೆ ಮೀಟಿ, ಕಣ್ಣು ಮುಚ್ಚಿ, "ಇನ್ನೊಂಚೂರು ಹಿಂದೆ ಅಜ್ಜಿ... ಸಾಕು, ಜಾಸ್ತಿ ಆಯ್ತು, ಮುಂದೆ" ಎನ್ನುತ್ತಾ ಹೋದಳು. ನಾನು ತಿರುಪುಳಿ ಹಿಡಿದಿದ್ದೆ, ಅಷ್ಟೇ. ಆಮೇಲೆ ಟ್ಯೂನರ್ ಕಚ್ಚಿಸಿದರೆ ಡಿ ಕೂದಲೆಳೆಯಷ್ಟು ಕೆಳಗೆ, ಜಿ ಅಷ್ಟೇ ಮೇಲೆ. ಇಬ್ಬರಿಗೂ ಸಮ ಪಾಲು. ದಪ್ಪ ತಂತಿಯ ಕುದುರೆ ಮೂರು ಮಿಲಿಮೀಟರ್ ಹಿಂದೆ ಸರಿದು ಸೊನ್ನೆಗೆ ಬಂತು.

ಸಂಜೆಯವರೆಗೂ ನುಡಿಸಿದಳು. ನಾನು ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದೆ. ಕೇಳುತ್ತಾ ಕೇಳುತ್ತಾ ತಲೆಯೊಳಗೆ ಏನೋ ಕೊರೆಯತೊಡಗಿತು. ಒಲೆ ಆರಿಸಿ, ಪಡಸಾಲೆಗೆ ಹೋಗಿ ವೀಣೆಯ ಗವಸು ತೆಗೆದೆ. ಬಿರಡೆ ತಿರುಗಿಸಿ ಸಾರಣಿ ತಂತಿಯನ್ನು ಶ್ರುತಿ ಮಾಡಿದೆ. "ಆ ಟ್ಯೂನರ್ ತಾ ಇಲ್ಲಿ" ಎಂದೆ.

ಹನ್ನೆರಡನೇ ಮೆಟ್ಟಿಲು 20 ಸೆಂಟ್ ಕೆಳಗಿತ್ತು.

ಬಗ್ಗಿ ನೋಡಿದೆ. ಮೆಟ್ಟಿಲು ಒಂದು ಕಡಲೆಬೇಳೆಯಷ್ಟು ತಲೆಯ ಕಡೆಗೆ ಜಾರಿತ್ತು, ಮೇಣದಲ್ಲಿ ಜಾರಿದ ಗುರುತು ಧೂಳು ಕೂತು ಗಟ್ಟಿಯಾಗಿತ್ತು. ಪಶ್ಚಿಮದ ಕಿಟಕಿಯ ಬಿಸಿಲು ಬೀಳುವ ಜಾಗ ಅದು. ಬೇಸಿಗೆಯಲ್ಲಿ ಮೇಣ ಮೆದುವಾಗುತ್ತದೆ ಎಂದು ನನಗೆ ಗೊತ್ತಿಲ್ಲವೇ? ವರ್ಷಗಳಿಂದ ಮೇಳ ಕಟ್ಟಿಸಿರಲಿಲ್ಲ. ನಾನು ನುಡಿಸುವಾಗ ನನ್ನ ಬೆರಳು ಅಭ್ಯಾಸಬಲದಿಂದ ತಂತಿಯನ್ನು ತುಸು ಎಳೆದು ಸ್ವರವನ್ನು ಏರಿಸಿಕೊಳ್ಳುತ್ತಿತ್ತು, ನನಗೇ ತಿಳಿಯದಂತೆ. ಅವಳು ಹೇಳಿಕೊಟ್ಟ ಹಾಗೆ ನೇರವಾಗಿ ಒತ್ತುತ್ತಿದ್ದಳು.

"ಅವತ್ತು ನಿಂಗೆ ಹೇಗೆ ಕೇಳಿಸ್ತಿತ್ತು?" ಎಂದು ಕೇಳಿದೆ.

"ಸರಿ ಇಲ್ಲ ಅಂತಾನೇ ಕೇಳಿಸ್ತಿತ್ತು ಅಜ್ಜಿ. ಆದ್ರೆ ವೀಣೆ ನಿಂದು. ನಂದೇ ತಪ್ಪು ಅನ್ಕೊಂಡೆ."

ಅವಳಿಗೆ ಹೇಳಬೇಕಾದದ್ದನ್ನು ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಅವಳು, "ಅಯ್ಯೋ ಬಿಡಜ್ಜಿ" ಎಂದು ಮತ್ತೆ ಗಿಟಾರಿಗೆ ಹೋದಳು.

ಮೇಳ ಕಟ್ಟುವವರಿಗೆ ಫೋನು ಮಾಡಿದ್ದೇನೆ, ಬರುವ ಭಾನುವಾರ ಬರುತ್ತಾರೆ. ಮಸಿ ಬೆರೆಸಿ ಮೇಣ ಕರಗಿಸುವುದನ್ನು ನೋಡಬೇಕೆಂದು ಪುಟ್ಟಿ ಅಂದಿನ ಟ್ಯೂಷನ್ನಿಗೆ ಚಕ್ಕರ್ ಹೊಡೆಯುವವಳಿದ್ದಾಳೆ. ಮೆಟ್ಟಿಲು ಕೂರಿಸುವಾಗ ಟ್ಯೂನರ್ ತರಬೇಕೇ ಎಂದು ಕೇಳಿದಳು. ಬೇಡ, ನೀನು ಪಕ್ಕದಲ್ಲಿ ಕೂತಿರು ಎಂದಿದ್ದೇನೆ.