ಚಹಾದ ನಾಡಿನಲ್ಲಿ ಕಾಫಿಯ ನೀರು

ವಿಜಯಪುರ ಚಹಾದ ಊರು. ಬಸ್ ನಿಲ್ದಾಣದಿಂದ ಗೋಳಗುಮ್ಮಟದವರೆಗೆ ಎಲ್ಲಿ ನಿಂತರೂ ಕೈಗೆ ಸಿಗುವುದು ಕುದಿಸಿ ಕುದಿಸಿ ಕೆಂಪಾದ ಚಹಾ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓದುವ ಮಕ್ಕಳು ರಜೆಗೆ ಇಲ್ಲಿಗೆ ಬಂದರೆ, ಅವರ ಚೀಲದಿಂದ ಈಚೆಗೆ ಒಂದು ಗಾಜಿನ ಪಾತ್ರೆಯೂ ಹೊರಬರುತ್ತದೆ. ಮುಚ್ಚಳದ ನಡುವೆ ಒಂದು ಸರಳು, ಸರಳಿನ ತುದಿಗೆ ಜಾಲರಿ. ಹೆಸರು ಫ್ರೆಂಚ್ ಪ್ರೆಸ್. ಆದರೆ ಇದರ ಇಂದಿನ ರೂಪಕ್ಕೆ 1929ರಲ್ಲಿ ಪೇಟೆಂಟ್ ಪಡೆದವರು ಇಟಲಿಯವರು!

ಹಾಸ್ಟೆಲಿನಲ್ಲಿ ಘಮಘಮಿಸಿದ ಅದೇ ಪುಡಿ ಮನೆಗೆ ಬಂದೊಡನೆ ಸಪ್ಪೆಯಾಗುತ್ತದೆ. "ಇದಕ್ಕ ಇಷ್ಟ ರೊಕ್ಕ ಕೊಟ್ಟಿಯೇನವಾ? ನಮ್ಮ ಚಾನ ಚಲೋ" ಎಂದು ಅವ್ವ ನಗುತ್ತಾಳೆ. ಮಗಳು ಪುಡಿಯನ್ನು ಬೈಯುತ್ತಾಳೆ. ಬೈಸಿಕೊಳ್ಳಬೇಕಾದದ್ದು ನೀರು.

ಒಳ್ಳೆಯ ನೀರಿಗಾಗಿ ಈ ಊರು ಪಟ್ಟ ಪಾಡು ಹಳೆಯದು. ಆದಿಲ್‌ಶಾಹಿಗಳು 1620ರಲ್ಲಿ ತಾಜ್ ಬಾವಡಿ ಕಟ್ಟಿಸಿದರು. ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. ತೊರವಿ ದಾಟಿ ಪಶ್ಚಿಮಕ್ಕೆ ಹೋದರೆ ತಿಕೋಟಾ. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು, ಬಲೆಯ ಅಟ್ಟಗಳ ಮೇಲೆ ನೆರಳಲ್ಲಿ ಒಣಗುವ ಮಣೂಕ. ಹಣ್ಣು ಒಣಗಿಸುವುದನ್ನು ತಿಕೋಟಾದವರಿಗೆ ಯಾರೂ ಕಲಿಸಬೇಕಿಲ್ಲ. ಕಾಫಿಯೂ ಹಣ್ಣೇ, ಅಲ್ಲಿ ತಿರುಳು ಬಿಟ್ಟು ಬೀಜ ಇಟ್ಟುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಇಲ್ಲಿನ ಕಪ್ಪು ಮಣ್ಣಿನಡಿಯ ಬೋರಿನ ನೀರು ಬಹಳ ಕಡೆ ಗಡಸು. ಪಾತ್ರೆಯ ತಳಕ್ಕೆ ಅಂಟುವ ಬಿಳಿ ಪದರವೇ ಅದಕ್ಕೆ ಸಾಕ್ಷಿ. ನೀರಿನಲ್ಲಿ ಕರಗಿದ ಬೈಕಾರ್ಬೊನೇಟು ಕಾಫಿಯ ಹಿತವಾದ ಹುಳಿಯನ್ನು ಕೊಂದುಬಿಡುತ್ತದೆ. ವಿಜ್ಞಾನದ ಪಾಠದಲ್ಲಿ ಓದಿದ 'ತಾತ್ಕಾಲಿಕ ಗಡಸುತನ' ಇದೇ. ಹತ್ತು ನಿಮಿಷ ಕುದಿಸಿ, ತಣಿಸಿ, ಮೇಲಿನ ತಿಳಿಯನ್ನು ಬಸಿದುಕೊಂಡರೆ ಬಹುಪಾಲು ಹೋಗುತ್ತದೆ. ಆದರೆ ಉಪ್ಪು ಕುದಿತಕ್ಕೆ ಜಗ್ಗುವುದಿಲ್ಲ. ಬಬಲೇಶ್ವರದ ದಾರಿಯಲ್ಲಿ ಸಿಗುವ ಡೋಣಿ ನದಿಯ ನೀರೇ ಸವಳು. ಅಂಥ ಕಡೆ ನಳದ ಹೊಳೆನೀರು ಅಥವಾ ಶುದ್ಧ ನೀರಿನ ಘಟಕದ ನೀರೇ ಗತಿ. ಘಟಕದ ನೀರಿನ ಕಾಫಿ ತೀರಾ ಹುಳಿ ಎನಿಸಿದರೆ ಕುದಿಸಿ ಬಸಿದ ನೀರನ್ನು ಸ್ವಲ್ಪ ಬೆರೆಸಬಹುದು.

ಇನ್ನು ಮಾಡುವ ಬಗೆ. ಚಿಕೋರಿ ಬೆರೆಸದ, ದಪ್ಪ ರವೆಯಂತೆ ತರಿತರಿಯಾದ ಪುಡಿ ಬೇಕು. ಫಿಲ್ಟರಿನ ನುಣ್ಣನೆಯ ಪುಡಿ ಜಾಲರಿ ದಾಟಿ ಲೋಟಕ್ಕೇ ಇಳಿಯುತ್ತದೆ. ಕಾಲು ಲೀಟರ್ ನೀರಿಗೆ 15 ಗ್ರಾಂ ಪುಡಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ವಿಜಯಪುರದಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ; ಒಲೆಯಿಂದಿಳಿಸಿ ಅರ್ಧ ನಿಮಿಷ ಬಿಟ್ಟು ಸುರಿದರಾಯಿತು. ಒಮ್ಮೆ ಕಲಕಿ, ಮುಚ್ಚಿ, ನಾಲ್ಕು ನಿಮಿಷ ಕಾದು, ಸರಳನ್ನು ನಿಧಾನವಾಗಿ ಒತ್ತಬೇಕು. ಅವಸರ ಮಾಡಿದರೆ ಕೈ ಸುಡುತ್ತದೆ. ಒತ್ತಿದ ಮೇಲೆ ಪಾತ್ರೆಯಲ್ಲೇ ಬಿಟ್ಟರೆ ಕಹಿ.

ತಂದೆತಾಯಂದಿರಿಗೆ ಎರಡು ಮಾತು. ಕಾಗದದ ಸೋಸುವಿಕೆ ಇಲ್ಲದ ಕಾರಣ ಕಾಫಿಯ ಎಣ್ಣೆಯಂಶ ಇದರಲ್ಲಿ ಉಳಿಯುತ್ತದೆ, ಅದು ಕೊಲೆಸ್ಟರಾಲ್ ಏರಿಸಬಲ್ಲದು; ವೈದ್ಯರಿಂದ ಎಚ್ಚರಿಕೆ ಪಡೆದ ಅಪ್ಪ ದಿನವೂ ಕುಡಿಯುವುದು ಬೇಡ. ಪರೀಕ್ಷೆಗೆ ಕೂತ ಮಕ್ಕಳು ರಾತ್ರಿ ಒಂಬತ್ತಕ್ಕೆ ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ನಸುಕಿನ ಎರಡಕ್ಕೂ ಮೈಯಲ್ಲಿರುತ್ತದೆ. ಸಂಜೆ ನಾಲ್ಕರೊಳಗೆ ಕುಡಿದು ಮುಗಿಸುವುದು ಮೇಲು.

ಅವ್ವನಿಗೆ ಹಾಲಿಲ್ಲದ ಕಾಫಿ ಕೊಡುವ ಸಾಹಸವಂತೂ ಬೇಡ. ಅವಳ ಪಾಲಿಗೆ ಪುಡಿ ಎರಡರಷ್ಟು ಹಾಕಿ, ಅರ್ಧಕ್ಕೆ ಬಿಸಿ ಹಾಲು ಬೆರೆಸಬೇಕು. ಸಕ್ಕರೆ ಅವಳು ಹೇಳಿದಷ್ಟು.