ಗುಟ್ಟಿಲ್ಲದ ಕೋಟೆ

ಗಾಥಿಕ್ ಕಾದಂಬರಿಗೆ ಬೇಕಾದುದೆಲ್ಲವೂ ಚಿತ್ರದುರ್ಗದಲ್ಲಿದೆ: ಏಳುಸುತ್ತಿನ ಕೋಟೆ, ಚಂದವಳ್ಳಿಯ ಅಂಕಲಿ ಮಠದಲ್ಲಿ ಹಗಲಿನಲ್ಲೂ ದೀಪ ಬೇಡುವ ನೆಲದಡಿಯ ಕೋಣೆಗಳು. ಡ್ಯಾಫ್ನಿ ಡ್ಯು ಮಾರಿಯೆಯ ‘ರೆಬೆಕ್ಕ’ (1938) ಓದುವಾಗ ನನಗೆ ಆ ಕತ್ತಲೆಯೇ ನೆನಪಾಗುತ್ತದೆ. ಅಲ್ಲಿ ಸತ್ತವಳ ಗುಟ್ಟು ಬಯಲಾಗುವವರೆಗೆ ಬದುಕಿರುವವರ ಒಲವಿಗೆ ನೆಮ್ಮದಿಯಿಲ್ಲ. ದುರ್ಗದ ಕಥೆಯಲ್ಲಿ ಅಂಥ ಗುಟ್ಟೇ ಇಲ್ಲ. 1779ರಲ್ಲಿ ಕೋಟೆ ಹೈದರಾಲಿಯ ವಶವಾದುದನ್ನು ಬಲ್ಲ ನಾವು, ಮದಕರಿ ಗೆಲ್ಲಲೆಂದು ಬಯಸುತ್ತಲೇ ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ಪುಟ ತಿರುವುತ್ತೇವೆ. ಅವರದೇ ‘ನಾಗರಹಾವು’ ನಮ್ಮ ಕಾಲದ ಪ್ರೇಮಕಥೆ. ಎರಡೂ ಕಾಲಗಳನ್ನು ಒಂದೇ ಬಂಡೆಯ ಮೇಲೆ ನಿಲ್ಲಿಸಿದ್ದು ಪುಟ್ಟಣ್ಣ ಕಣಗಾಲರ 1972ರ ಚಲನಚಿತ್ರ. ರಾಮಾಚಾರಿಯ ಕಥೆಯ ನಡುವೆ ಅಲ್ಲಿ ಓಬವ್ವ ಒನಕೆ ಎತ್ತುತ್ತಾಳೆ. ಆ ದೃಶ್ಯವನ್ನು ಕಥೆಯಿಂದ ಬೇರ್ಪಡಿಸಿ ನಾನು ನೋಡಲಾರೆ. ಮಣಿಯದ ಹಠದಲ್ಲಿ ಇಬ್ಬರೂ ಒಂದೇ ಊರಿನವರು.