ಅಪ್ಪನ ರಕ್ತದ ಲೆಕ್ಕ

ಕಳೆದ ವಾರ ಇಲ್ಲಿ ಸ್ಯಾನ್ ಹೋಸೆಯಲ್ಲಿ ರಾತ್ರಿ ಎರಡು ಗಂಟೆ. ಊರಿಂದ ಅಕ್ಕನ ಫೋನು. "ಅಪ್ಪಂಗೆ ಒಂದೇ ಸಮ ವಾಂತಿ, ಏದುಸಿರು ಕಣೋ.. ಐಸಿಯುಗೆ ಹಾಕಿದಾರೆ." ಜ್ವರ ಬಂದು ಊಟ ಸೇರಲ್ಲ ಅಂತ ಎರಡು ದಿನ ಇನ್ಸುಲಿನ್ನೇ ಬಿಟ್ಟಿದ್ದರಂತೆ.

ವಾಟ್ಸಾಪಿನಲ್ಲಿ ರಿಪೋರ್ಟು ಬಂತು. ಸೋಡಿಯಂ 134, ಕ್ಲೋರೈಡ್ 96, ಬೈಕಾರ್ಬೊನೇಟ್ 10. ಅಲ್ಲಿನ ಡಾಕ್ಟರು ಫೋನಲ್ಲೇ ಲೆಕ್ಕ ಹೇಳಿಕೊಟ್ಟರು. ಸೋಡಿಯಂನಿಂದ ಉಳಿದೆರಡನ್ನೂ ಕಳೆಯಬೇಕು, ಅಷ್ಟೆ. ಉಳಿಯೋದು ಆನಯಾನ್ ಗ್ಯಾಪ್. ಸಾಮಾನ್ಯವಾಗಿ 8ರಿಂದ 12. ಅಪ್ಪನದು 28! ರಕ್ತದಲ್ಲಿ ಧನ, ಋಣ ಅಯಾನುಗಳ ವಿದ್ಯುದಂಶ ಸಮ ಇರಲೇಬೇಕು. ಕೀಟೋನ್ ಆಮ್ಲ ಬೈಕಾರ್ಬೊನೇಟನ್ನು ತಿಂದು ಹಾಕಿ, ರಿಪೋರ್ಟಿನಲ್ಲಿ ಕಾಣದ ತನ್ನ ಋಣ ಅಯಾನನ್ನು ಆ ಜಾಗದಲ್ಲಿ ಕೂರಿಸಿತ್ತು.

ಮಾರನೇ ದಿನ ಸಕ್ಕರೆ 190ಕ್ಕೆ ಬಂತು. "ಶುಗರ್ ಇಳೀತಲ್ಲ, ಮನೆಗೆ ಹೋಗೋಣ" ಅಂತ ಅಪ್ಪಂದು ಹಟ. ಆದ್ರೆ ಗ್ಯಾಪ್ ಇನ್ನೂ 19! ಡಾಕ್ಟರು ಇನ್ಸುಲಿನ್ ಡ್ರಿಪ್ ನಿಲ್ಲಿಸಲಿಲ್ಲ. ಸಕ್ಕರೆ ತೀರಾ ಇಳಿಯದಿರಲಿ ಅಂತ ಜೊತೆಗೆ ಗ್ಲೂಕೋಸ್ ಕೊಟ್ಟರು. ಸಂಜೆಯ ರಿಪೋರ್ಟು: 138, 108, 18. ಕಳೆದು ನೋಡಿದೆ.. 12.

ದಿನವಿಡೀ ಕೋಡ್ ಬರೆಯೋ ನಾನು ಆ ಒಂದು ಕಳೆಯೋ ಲೆಕ್ಕವನ್ನ ನಾಲ್ಕು ಸಲ ಮಾಡಿದೆ. ಜ್ವರ ಬಂದ್ರೂ, ಊಟ ಸೇರದಿದ್ರೂ, ಡಾಕ್ಟರನ್ನ ಕೇಳದೆ ಇನ್ಸುಲಿನ್ ಬಿಡಬೇಡಿ ಅಂತ ನಿಮ್ಮ ಮನೆ ಹಿರಿಯರಿಗೂ ಇವತ್ತೇ ಒಂದು ಮಾತು ಹೇಳಿಬಿಡಿ.